ಪಾಲಿಕೆಯ ದುಡ್ಡಿನಲ್ಲಿ ಹೈಸ್ಪೀಡ್ ಇಂಟರ್ನೆಟ್: ದಾವಣಗೆರೆಯ ಮುಂದಿರುವ ಐದು ದಾರಿ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಮುಗಿಸಿದ ಹುಡುಗ ಹುಡುಗಿಯರು ಪ್ರತಿ ವರ್ಷ ಬೆಂಗಳೂರಿನ ರೈಲು ಹತ್ತುತ್ತಾರೆ. ಇವರಿಗೆ ಇಲ್ಲೇ ಕೆಲಸ ಸಿಗಲಿ ಎಂದು ಬಯಸುವ ಪಾಲಿಕೆ ಸದಸ್ಯರು, ವರ್ತಕರ ಸಂಘದವರು, ಕಾಲೇಜು ಆಡಳಿತದವರು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದ್ದಾರೆ: ಕಂಪನಿಗಳನ್ನು ಕರೆತರಲು ಸಾರ್ವಜನಿಕ ಹಣವನ್ನು ಇಂಟರ್ನೆಟ್‌ಗೆ ಹಾಕುವುದಾದರೆ ಯಾವುದಕ್ಕೆ ಹಾಕಬೇಕು? ಕಂಪನಿಯ ತಿಂಗಳ ಬಿಲ್ಲಿಗೆ ಸಹಾಯಧನವೋ, ಸಂಪರ್ಕ ಸಿದ್ಧವಿರುವ ಒಂದು ಕಟ್ಟಡವೋ, ಕಾಲೇಜುಗಳನ್ನು ಬೆಸೆಯುವ ಸಂಶೋಧನಾ ಜಾಲವೋ, ರಸ್ತೆಯಡಿಯ ಕೊಳವೆ ಮತ್ತು ಫೈಬರೋ (ಬೆಳಕಿನಲ್ಲಿ ದತ್ತಾಂಶ ಒಯ್ಯುವ ಗಾಜಿನ ಎಳೆ), ಅಥವಾ ಪಾಲಿಕೆಯೇ ಇಂಟರ್ನೆಟ್ ಮಾರಬೇಕೋ?

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಆ ಯೋಜನೆ 2025ರ ಮಾರ್ಚ್‌ಗೆ ಮುಗಿದಿದೆ. ಇನ್ನು ಹಾಕುವ ದುಡ್ಡು ಬಹುಮಟ್ಟಿಗೆ ಮನೆ ಕಂದಾಯದ್ದು, ಹಣಕಾಸು ಆಯೋಗದ್ದು. ಒಮ್ಮೆ ತಪ್ಪಾದರೆ ಸರಿಪಡಿಸಲು ಎರಡನೇ ಕಂತು ಬರುವುದಿಲ್ಲ. ಹಾಗಾಗಿ ಅಳತೆಗೋಲು ಮೊದಲು, ಆಯ್ಕೆ ಆಮೇಲೆ.

ಕಂಪನಿ ನಿಜಕ್ಕೂ ಏನು ನೋಡುತ್ತದೆ

ಜಾಹೀರಾತಿನಲ್ಲಿ ಕಾಣುವ ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ವೇಗದ ಅಳತೆ, 1,000 ಎಂಬಿಪಿಎಸ್ ಸೇರಿದರೆ 1 ಜಿಬಿಪಿಎಸ್) ಅಂಕಿ ಕಂಪನಿಗೆ ಮುಖ್ಯವಲ್ಲ. ಮನೆಗೆ ಬರುವ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೇ ಸಾಮರ್ಥ್ಯವನ್ನು ಹತ್ತಾರು ಮಂದಿ ಹಂಚಿಕೊಂಡಿರುತ್ತಾರೆ, ಸಂಜೆ ಎಲ್ಲರೂ ಕೂತಾಗ ನಿಧಾನವಾಗುತ್ತದೆ. ಕಂಪನಿ ಕೇಳುವುದು 1:1 ಲೀಸ್ಡ್ ಲೈನ್. ಅಪ್‌ಲೋಡ್ ಡೌನ್‌ಲೋಡ್ ಎರಡೂ ಸಮ, ಹಂಚಿಕೆ ಇಲ್ಲ. ವ್ಯತ್ಯಾಸ ಎಷ್ಟೆಂದು ನೋಡಿ: 1 ಟೆರಾಬೈಟ್ ದತ್ತಾಂಶ ಕಳಿಸಲು 100 ಎಂಬಿಪಿಎಸ್‌ನಲ್ಲಿ ಸುಮಾರು 22 ಗಂಟೆ ಬೇಕು, 1 ಜಿಬಿಪಿಎಸ್‌ನಲ್ಲಿ ಎರಡು ಕಾಲು ಗಂಟೆ, 10 ಜಿಬಿಪಿಎಸ್‌ನಲ್ಲಿ 13-14 ನಿಮಿಷ. ಬಿಲ್ಲಿಂಗ್ ಕೆಲಸ ಮಾಡುವ 30 ಜನರ ಆಫೀಸಿಗೆ ಮೊದಲನೆಯದೇ ಸಾಕು. ಸ್ಕ್ಯಾನ್ ಚಿತ್ರಗಳ ಮೇಲೆ ಎಐ ಕೆಲಸ ಮಾಡುವವರಿಗೆ ಮೂರನೆಯದು ಬೇಕು.

ಎರಡನೆಯದು ನಿಲ್ಲದೆ ನಡೆಯುವುದು. 99.5 ಶೇಕಡಾ ಎಂದು ಒಪ್ಪಂದದಲ್ಲಿ ಬರೆದರೆ ಕೇಳಲು ಚೆನ್ನಾಗಿರುತ್ತದೆ. ಲೆಕ್ಕ ಹಾಕಿದರೆ ಅದು ತಿಂಗಳಿಗೆ 3 ಗಂಟೆ 36 ನಿಮಿಷ ಲೈನ್ ಸತ್ತಿರಲು ಕೊಟ್ಟ ಅನುಮತಿ. 99.9 ಅಂದರೆ 43 ನಿಮಿಷ. ಹೊರದೇಶದ ಗ್ರಾಹಕರಿಗೆ ರಾತ್ರಿ ಪಾಳಿಯಲ್ಲಿ ದುಡಿಯುವ ಕಂಪನಿ ಮೊದಲನೆಯದನ್ನು ಒಪ್ಪುವುದಿಲ್ಲ. ಎರಡನೆಯದನ್ನು ಒಂದೇ ಕೇಬಲ್ ಮೇಲೆ ಯಾರೂ ಕೊಡಲಾರರು. ಅದಕ್ಕೆ ಎರಡು ಬೇರೆ ದಾರಿಯ ಎರಡು ಕೇಬಲ್ ಬೇಕೇ ಬೇಕು.

ಮೂರನೆಯದು ಎಷ್ಟು ದಿನಕ್ಕೆ ಸಿಗುತ್ತದೆ ಎಂಬುದು. ಹೊಸ ಕಟ್ಟಡಕ್ಕೆ ಫೈಬರ್ ಎಳೆಯಲು ರಸ್ತೆ ಅಗೆಯುವ ಅನುಮತಿಗೇ ತಿಂಗಳುಗಳು ಹಿಡಿದರೆ ಕಂಪನಿ ಹುಬ್ಬಳ್ಳಿಯ ಕಡೆ ನೋಡುತ್ತದೆ. ಉಳಿದವು ಪಾಲಿಕೆ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು: ಹತ್ತು ವರ್ಷದ ನಂತರ ಊರಿನ ಕೈಯಲ್ಲಿ ಏನು ಉಳಿಯುತ್ತದೆ? ಕಾನೂನು ಇದಕ್ಕೆ ಒಪ್ಪುತ್ತದೆಯೇ? ನಡುರಾತ್ರಿ ಜೆಸಿಬಿ ಕೇಬಲ್ ಹರಿದರೆ ಯಾರು ಓಡಿ ಬರುತ್ತಾರೆ?

ಇನ್ನೊಂದು ವಿಷಯವನ್ನು ಇಲ್ಲೇ ಬಿಡಿಸಿಡಬೇಕು. ಊರೊಳಗಿನ ವೇಗ ಬೇರೆ, ಊರಾಚೆಗಿನ ವೇಗ ಬೇರೆ. ನಗರದೊಳಗೆ ಫೈಬರ್ ಒಮ್ಮೆ ಬಿದ್ದರೆ ಎರಡು ಕಟ್ಟಡಗಳ ನಡುವೆ 10 ಜಿಬಿಪಿಎಸ್ ಓಡಿಸಲು ಎರಡು ತುದಿಯ ಉಪಕರಣದ ಖರ್ಚಷ್ಟೇ. ಬೆಂಗಳೂರಿನವರೆಗಿನ ವೇಗವನ್ನು ಮಾತ್ರ ತಿಂಗಳು ತಿಂಗಳು ಕೊಳ್ಳಬೇಕು. ಈ ಎರಡನ್ನು ಕಲಸಿ ಮಾಡಿದ ಯೋಜನೆಗಳೇ ಹೆಚ್ಚು ದಾರಿ ತಪ್ಪುತ್ತವೆ. ದೂರ ಮಾತ್ರ ನಮಗೆ ಅಡ್ಡಿಯಲ್ಲ. ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರಿಗೆ 5 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ. ಸುಮಾರು 260 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ಬರಲು 3 ಮಿಲಿಸೆಕೆಂಡ್ ಕೂಡ ಆಗದು. ನಡುವಿನ ರೌಟರುಗಳನ್ನು ಸೇರಿಸಿದರೂ ವಿಡಿಯೊ ಕರೆಗೆ ಅದು ಗೊತ್ತೇ ಆಗುವುದಿಲ್ಲ.

ಬಿಲ್ಲಿಗೆ ಸಹಾಯಧನ

ಇದು ಎಲ್ಲಕ್ಕಿಂತ ಸುಲಭ. ಈ ಬಜೆಟ್‌ನಲ್ಲಿ ಘೋಷಿಸಿ ಮುಂದಿನ ತ್ರೈಮಾಸಿಕದಲ್ಲಿ ಕೊಡಬಹುದು. ರಸ್ತೆ ಅಗೆಯುವ ಮಾತಿಲ್ಲ, ಪರವಾನಗಿಯ ತಲೆನೋವಿಲ್ಲ. ಆದರೆ ಲೆಕ್ಕ ನೋಡಿ. 20 ಕಂಪನಿಗೆ ತಲಾ ತಿಂಗಳಿಗೆ 10,000 ರೂ. ಕೊಡುತ್ತೀರಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 24 ಲಕ್ಷ, ಹತ್ತು ವರ್ಷಕ್ಕೆ 2.4 ಕೋಟಿ. ಹನ್ನೊಂದನೇ ವರ್ಷ ಊರಿನಲ್ಲಿ ಒಂದು ಮೀಟರ್ ಕೇಬಲ್ಲೂ ಹೆಚ್ಚಾಗಿರುವುದಿಲ್ಲ. ಸೇವೆ ಕೊಡುವವರು ಒಬ್ಬರೋ ಇಬ್ಬರೋ ಇರುವ ಪ್ರದೇಶದಲ್ಲಿ ಸಹಾಯಧನ ಬಂತೆಂದು ದರವೇ ಏರಿ, ಹಣ ಕಂಪನಿಯ ಬದಲು ಸೇವಾದಾರರ ಜೇಬು ಸೇರುವ ಅಪಾಯವೂ ಇದೆ.

ಆದರೂ ಇದನ್ನು ತಳ್ಳಿಹಾಕಬೇಕಿಲ್ಲ. ಕಡಿಮೆ ಹಣ, ತಕ್ಷಣದ ಫಲ ಬೇಕಿರುವಲ್ಲಿ ಇದು ಸರಿಯಾದ ಮೊದಲ ಹೆಜ್ಜೆ. ಮೊದಲ ವರ್ಷ ಬಿಲ್ಲಿನ ಅರ್ಧ, ಎರಡನೇ ವರ್ಷ ಕಾಲು ಭಾಗ, ಆಮೇಲೆ ಇಲ್ಲ ಎಂದು ಮೊದಲೇ ಬರೆದಿಡಿ. ಒಂದೇ ಲೈನ್ ಇರುವವರಿಗೆ ಕೊಡಬೇಡಿ, ಎರಡನೇ ಲೈನಿನ ಬಿಲ್ಲಿಗೆ ಮಾತ್ರ ಕೊಡಿ. ಕಂಪನಿ ಹೇಗಿದ್ದರೂ ಒಂದು ಲೈನ್ ಕೊಳ್ಳುತ್ತದೆ. ಹಣ ನೋಡಿ ಕೈಬಿಡುವುದು ಎರಡನೆಯದನ್ನೇ.

ಸಂಪರ್ಕ ಸಿದ್ಧವಿರುವ ಕಟ್ಟಡ

ಪಾಲಿಕೆಯ ಅಥವಾ ಸರ್ಕಾರದ ಒಂದು ಕಟ್ಟಡದ ಎರಡು ಮಹಡಿಗೆ ಎರಡು ದಿಕ್ಕಿನಿಂದ ಫೈಬರ್ ತಂದು, ಜನರೇಟರ್, ಯುಪಿಎಸ್ ಇಟ್ಟು, ಕಂಪನಿ ಬಂದು ಲ್ಯಾಪ್‌ಟಾಪ್ ಇಟ್ಟರೆ ಸಾಕು ಎನ್ನುವಂತೆ ಮಾಡುವುದು. 10ರಿಂದ 50 ಜನರ ಕಂಪನಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಇಲ್ಲ, ಏಕೆಂದರೆ ಕಾಯುವ ದಿನಗಳು ಸೊನ್ನೆಗೆ ಇಳಿಯುತ್ತವೆ. ಫಲ ಆ ಒಂದು ವಿಳಾಸಕ್ಕೇ ಸೀಮಿತ ಎಂಬುದು ಕೊರತೆ. ಹದಡಿ ರಸ್ತೆಯಲ್ಲಿ ಕಟ್ಟಡ ಮಾಡಿದರೆ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಏನೂ ಸಿಗುವುದಿಲ್ಲ.

ಇಲ್ಲಿ ಜನ ಎಡವುವುದು "ಎರಡು ಲೈನ್" ಎಂಬ ಮಾತಿನಲ್ಲಿ. ಇಬ್ಬರು ಬೇರೆ ಬೇರೆ ಸೇವಾದಾರರಿಂದ ಲೈನ್ ತೆಗೆದುಕೊಂಡಿರುತ್ತಾರೆ, ಎರಡೂ ಬಿಲ್ ಕಟ್ಟುತ್ತಿರುತ್ತಾರೆ. ಚಿತ್ರದುರ್ಗದ ಕಡೆ ಹೆದ್ದಾರಿ ಬದಿ ಒಂದು ಜೆಸಿಬಿ ಅಗೆದ ಕೂಡಲೇ ಎರಡೂ ಒಟ್ಟಿಗೆ ಸಾಯುತ್ತವೆ. ಇಬ್ಬರ ಫೈಬರೂ ರಾಷ್ಟ್ರೀಯ ಹೆದ್ದಾರಿ 48ರ ಒಂದೇ ಬದಿಯಲ್ಲಿ, ಕೆಲವೊಮ್ಮೆ ಒಂದೇ ಕೇಬಲ್ಲಿನೊಳಗೆ ಇರುತ್ತದೆ. ಹೆಸರು ಎರಡು, ದಾರಿ ಒಂದು.

ಈ ವಿಷಯದಲ್ಲಿ ದಾವಣಗೆರೆಗೆ ಒಂದು ಅನುಕೂಲವಿದೆ. ಹೆದ್ದಾರಿ ಇಲ್ಲಿಂದ ಚಿತ್ರದುರ್ಗ, ಹಿರಿಯೂರು, ಶಿರಾ ಹಾದು ತುಮಕೂರು ಸೇರುತ್ತದೆ. ರೈಲು ಮಾರ್ಗ ಚಿಕ್ಕಜಾಜೂರು, ಬೀರೂರು, ಅರಸೀಕೆರೆ, ತಿಪಟೂರು ಸುತ್ತಿ ತುಮಕೂರಿಗೆ ಬರುತ್ತದೆ. ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್‌ನ ಫೈಬರ್ ಹಳಿಯ ಪಕ್ಕದ್ದು. ಒಂದು ಲೈನ್ ಹೆದ್ದಾರಿಯದು, ಇನ್ನೊಂದು ಹಳಿಯದು ಎಂದು ಆರಿಸಿದರೆ ತುಮಕೂರಿನವರೆಗಾದರೂ ಎರಡು ಹಾದಿ ನಿಜವಾಗಿ ಬೇರೆ. ಎರಡಕ್ಕೂ ಮಾರ್ಗ ನಕ್ಷೆಯನ್ನು ಕೆಎಂಝಡ್ ಕಡತದಲ್ಲಿ ಕೇಳಿ, ಗೂಗಲ್ ಅರ್ಥ್‌ನಲ್ಲಿ ಒಂದರ ಮೇಲೊಂದು ಇಟ್ಟು ನೋಡಿ. ಸ್ಟೇಷನ್ನಿನಿಂದ ಕಟ್ಟಡದವರೆಗಿನ ಕೊನೆಯ ತುಂಡನ್ನು ಬಿಡದೆ ನೋಡಿ. ಅಲ್ಲಿ ಎರಡೂ ಪಿ.ಬಿ. ರಸ್ತೆಯ ಒಂದೇ ಗುಂಡಿಗೆ ಇಳಿಯುವುದೇ ಹೆಚ್ಚು.

ಕಾಲೇಜುಗಳ ಸಂಶೋಧನಾ ಜಾಲ

"ಸಂಶೋಧನಾ ಇಂಟರ್ನೆಟ್ ತಂದರೆ ಕಂಪನಿ ಬರುತ್ತವೆ" ಎಂಬ ಮಾತಿಗೆ ಆಧಾರವಾಗಿರುವುದು ರಾಷ್ಟ್ರೀಯ ಜ್ಞಾನ ಜಾಲ. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 5,990 ಕೋಟಿ ರೂ. ವೆಚ್ಚಕ್ಕೆ ಒಪ್ಪಿಗೆ ಕೊಟ್ಟ ಯೋಜನೆ ಇದು, ಜಾರಿಗೆ ತಂದದ್ದು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ. ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳನ್ನು ಗಿಗಾಬಿಟ್ ವೇಗದಲ್ಲಿ ಒಂದಕ್ಕೊಂದು ಬೆಸೆಯುತ್ತದೆ, ಹೊರದೇಶದ ಸಂಶೋಧನಾ ಜಾಲಗಳಿಗೂ ಕೊಂಡಿ ಇದೆ.

ಆದರೆ ಅದು ಶಿಕ್ಷಣ ಮತ್ತು ಸಂಶೋಧನೆಗೆ ಮೀಸಲು. ಕಾಲೇಜಿಗೆ ಬಂದ ಆ ಸಂಪರ್ಕವನ್ನು ಪಕ್ಕದ ಕಟ್ಟಡದ ಸಾಫ್ಟ್‌ವೇರ್ ಕಂಪನಿಗೆ ಎಳೆದುಕೊಡುವಂತಿಲ್ಲ. ಹಾಗೆಂದು ಇದು ವ್ಯರ್ಥ ಎಂದೇನೂ ಅಲ್ಲ. ತೋಳಹುಣಸೆಯ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜುಗಳು, ಎರಡು ವೈದ್ಯಕೀಯ ಕಾಲೇಜುಗಳು ಊರೊಳಗಿನ ಒಂದು ಫೈಬರ್ ವರ್ತುಲದಲ್ಲಿ ಸೇರಿದರೆ, ಒಂದು ಕಾಲೇಜಿನ ಜಿಪಿಯು (ಎಐ ಲೆಕ್ಕಗಳನ್ನು ವೇಗವಾಗಿ ಮಾಡುವ) ಯಂತ್ರವನ್ನು ಇನ್ನೊಂದು ಕಾಲೇಜಿನ ವೈದ್ಯರು ಸ್ಕ್ಯಾನ್ ಚಿತ್ರಗಳ ಅಧ್ಯಯನಕ್ಕೆ ಬಳಸಬಹುದು. ಅಂಥ ಕೆಲಸ ಗೊತ್ತಿರುವ ಹುಡುಗರು ಊರಿನಲ್ಲಿದ್ದಾರೆ ಎಂಬುದೇ ಕಂಪನಿಗೆ ದೊಡ್ಡ ಸೆಳೆತ. ಫಲ ಬರಲು ಐದಾರು ವರ್ಷ ಬೇಕು, ಅಷ್ಟೆ. ಮುಂದಿನ ಚುನಾವಣೆಯೊಳಗೆ ತೋರಿಸಬೇಕೆನ್ನುವವರಿಗೆ ಇದು ಆಗದು.

ತಾಂತ್ರಿಕವಾಗಿ ಎಚ್ಚರ ಬೇಕಿರುವುದು ಉದ್ದನೆಯ ತುಂಡಿನಲ್ಲಿ. ತೋಳಹುಣಸೆ ಕಡೆಗಿನ ಕೇಬಲ್ 10 ಕಿ.ಮೀ. ಎಂದಿಟ್ಟುಕೊಳ್ಳಿ. 1310 ನ್ಯಾನೊಮೀಟರ್ ಬೆಳಕಿಗೆ ಕಿ.ಮೀ.ಗೆ 0.35 ಡಿಬಿಯಂತೆ (ಡಿಬಿ ಎಂದರೆ ಬೆಳಕು ಎಷ್ಟು ಕುಂದಿತು ಎಂಬುದರ ಅಳತೆ) ನಷ್ಟ 3.5, ಎರಡು ಕಿ.ಮೀ.ಗೊಂದರಂತೆ ಬೆಸುಗೆಗಳಿಗೆ 0.5, ನಾಲ್ಕು ಕನೆಕ್ಟರಿಗೆ 2, ಒಟ್ಟು 6 ಡಿಬಿ. 10 ಕಿ.ಮೀ. ತಲುಪುತ್ತದೆಂದು ಮಾರುವ 10 ಜಿಬಿಪಿಎಸ್ ಎಲ್‌ಆರ್ ಮಾಡ್ಯೂಲ್ (ಕೇಬಲ್ಲಿನ ತುದಿಯಲ್ಲಿ ಬೆಳಕು ಕಳಿಸುವ, ಪಡೆಯುವ ಸಾಧನ) ತಾಳುವ ನಷ್ಟ ಸುಮಾರು 6.2 ಡಿಬಿ. ಮೊದಲ ದಿನ ಓಡುತ್ತದೆ. ಎರಡು ಬಾರಿ ಕೇಬಲ್ ಹರಿದು ಬೆಸೆದ ಮೇಲೆ ತಡವರಿಸಲು ಶುರುವಾಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಆ ತುಂಡಿಗೆ 40 ಕಿ.ಮೀ.ಯ ಇಆರ್ ಮಾಡ್ಯೂಲ್ ಹಾಕಿ. ಆಗ ಬೆಳಕು ಹೆಚ್ಚಾಗಿ ಎದುರಿನ ರಿಸೀವರ್ ಹಾಳಾಗದಂತೆ ಬೆಳಕು ತಗ್ಗಿಸುವ 5 ಡಿಬಿಯ ಅಟೆನ್ಯುಯೇಟರ್ ಕೂಡ ಬೇಕಾಗುತ್ತದೆ. ಟೆಂಡರಿನಲ್ಲಿ ಇವೆರಡನ್ನೂ ಒಟ್ಟಿಗೇ ಬರೆಯಿರಿ.

ಪಾಲಿಕೆಯದೇ ಕೊಳವೆ, ಪಾಲಿಕೆಯದೇ ಡಾರ್ಕ್ ಫೈಬರ್

ರಸ್ತೆಯಡಿ ಎಚ್‌ಡಿಪಿಇ ಪ್ಲಾಸ್ಟಿಕ್ ಕೊಳವೆ ಹೂಳಿ, ಅದರಲ್ಲಿ ಉಪಕರಣ ಹಚ್ಚದ ಖಾಲಿ ಫೈಬರ್ ಓಡಿಸಿ, ಬೇಕೆಂದ ಎಲ್ಲ ಸೇವಾದಾರರಿಗೂ ಒಂದೇ ದರದಲ್ಲಿ ಬಾಡಿಗೆಗೆ ಕೊಡುವುದು. ಸ್ಟಾಕ್‌ಹೋಮ್ ನಗರ 1994ರಲ್ಲಿ ಸ್ಟೋಕಾಬ್ ಎಂಬ ತನ್ನದೇ ಸಂಸ್ಥೆ ಕಟ್ಟಿ ಮಾಡಿದ್ದು ಇದನ್ನೇ. ಅದು ಇಂಟರ್ನೆಟ್ ಮಾರುವುದಿಲ್ಲ, ದಾರಿ ಕೊಡುತ್ತದೆ.

ನಮ್ಮ ಊರಿಗೆ ಐದರಲ್ಲಿ ಅತಿ ಹೆಚ್ಚು ಒಪ್ಪುವುದು ಇದೇ ಎಂಬುದು ಸ್ಪಷ್ಟ ಅಭಿಪ್ರಾಯ. ಕಾರಣ ಸರಳ. ಫೈಬರ್ ಯೋಜನೆಯ ಖರ್ಚಿನಲ್ಲಿ ದೊಡ್ಡ ಪಾಲು ಹೋಗುವುದು ಅಗೆತಕ್ಕೆ ಮತ್ತು ಅಗೆದ ರಸ್ತೆಯನ್ನು ಮತ್ತೆ ಕಟ್ಟುವುದಕ್ಕೆ. ಕೇಬಲ್ಲಿನ ಬೆಲೆ ಅದರ ಮುಂದೆ ಸಣ್ಣದು. ದಾವಣಗೆರೆ ಈಚಿನ ವರ್ಷಗಳಲ್ಲಿ ಒಳಚರಂಡಿಗೆ, ಜಲಸಿರಿಯ 24 ಗಂಟೆ ನೀರಿಗೆ, ಸ್ಮಾರ್ಟ್ ರಸ್ತೆಗೆ ಎಂದು ಪದೇ ಪದೇ ಅಗೆಸಿಕೊಂಡ ಊರು. ಆ ಗುಂಡಿ ತೆರೆದಿದ್ದಾಗ ಎರಡು ಕೊಳವೆ ಹಾಕಲು ಆಗುವ ಹೆಚ್ಚುವರಿ ಖರ್ಚು, ಮುಚ್ಚಿ ಕಾಂಕ್ರೀಟ್ ಹಾಕಿದ ಮೇಲೆ ಅಗೆಯುವ ಖರ್ಚಿನ ಒಂದು ಚೂರು. ಕೊಳವೆ ಹಳತಾಗುವುದಿಲ್ಲ. ಒಳಗಿನ ಫೈಬರ್ 25 ವರ್ಷ ಸಲೀಸಾಗಿ ಬಾಳುತ್ತದೆ. ಬದಲಾಗುವುದು ತುದಿಯ ಉಪಕರಣ, ಅದನ್ನು ಸೇವಾದಾರರೇ ಕೊಂಡುಕೊಳ್ಳುತ್ತಾರೆ.

ಇದನ್ನು ಕೆಡಿಸುವ ಸಂಗತಿಗಳೂ ಸರಳವೇ. 40 ಮಿ.ಮೀ. ಹೊರವ್ಯಾಸ, 33 ಮಿ.ಮೀ. ಒಳವ್ಯಾಸದ, ಒಳಮೈ ನುಣುಪಾದ ಪಿಎಲ್‌ಬಿ ಕೊಳವೆಯ ಬಾಯಿಗೆ ಎಂಡ್ ಪ್ಲಗ್ ಹಾಕದೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಕೆಸರು ತುಂಬಿ ಗಟ್ಟಿಯಾಗುತ್ತದೆ. ಎರಡು ವರ್ಷದ ಮೇಲೆ ಗಾಳಿಯ ಒತ್ತಡದಿಂದ ಕೇಬಲ್ ಊದಲು ಹೋದರೆ 40 ಮೀಟರಿಗೇ ನಿಲ್ಲುತ್ತದೆ, ಕೊನೆಗೆ ಮತ್ತೆ ರಸ್ತೆ ಅಗೆಯುವುದೇ ಗತಿ. ದೂರಸಂಪರ್ಕ ಇಲಾಖೆಯ ರೂಢಿಯ ಆಳ 1.65 ಮೀಟರ್. ಗುತ್ತಿಗೆದಾರರು ಅರ್ಧ ಅಡಿ ಕಾಂಕ್ರೀಟಿನ ಕೆಳಗೇ ಮಲಗಿಸಿ ಹೋದರೆ ಮುಂದಿನ ನೀರಿನ ಸಂಪರ್ಕದವರ ಹಾರೆಗೆ ಅದೇ ಮೊದಲು ಸಿಗುತ್ತದೆ. ಹೆಗ್ಗಣಗಳಿರುವ ಚರಂಡಿ ಪಕ್ಕ ಉಕ್ಕಿನ ಕವಚವಿಲ್ಲದ ಕೇಬಲ್ ಹಾಕಬಾರದು.

ಒಂದು ಕಡಿತ ರಿಪೇರಿಯಾಗುವುದು ಹೇಗೆ ಎಂದು ಹತ್ತಿರದಿಂದ ನೋಡಿದರೆ ಟೆಂಡರ್ ಬರೆಯುವುದು ಸುಲಭವಾಗುತ್ತದೆ. ಒಟಿಡಿಆರ್ ಯಂತ್ರ ಒಂದು ತುದಿಯಿಂದ ಬೆಳಕು ಹಾಯಿಸಿ ಕಡಿತ ಎಷ್ಟು ಮೀಟರಿನಲ್ಲಿದೆ ಎಂದು ಹೇಳುತ್ತದೆ. ಅಲ್ಲಿ ಗುಂಡಿ ತೆಗೆದು, ಕೂದಲಿನಂಥ ಎಳೆಗಳ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ನೇರ ಕತ್ತರಿಸಿ, ಒಂದೊಂದನ್ನೂ ಸ್ಪ್ಲೈಸಿಂಗ್ ಯಂತ್ರದಲ್ಲಿ ಬೆಸೆಯಬೇಕು. ಎಳೆಗೆ 5 ನಿಮಿಷ ಹಿಡಿಯಿರಿ. 48 ಎಳೆಯ ಕೇಬಲ್ಲಿಗೆ 4 ಗಂಟೆ. ಪ್ರತಿ ಚೇಂಬರಿನಲ್ಲೂ (ಕೇಬಲ್ ಕೈಗೆಟುಕಲೆಂದು ಬಿಡುವ ಮುಚ್ಚಳದ ಗುಂಡಿ) 10 ಮೀಟರ್ ಕೇಬಲ್ ಸುರುಳಿ ಸುತ್ತಿಟ್ಟಿದ್ದರೆ ಅದನ್ನು ಎಳೆದು ಒಂದೇ ಕಡೆ ಬೆಸೆಯಬಹುದು. ಸುರುಳಿ ಇಲ್ಲದಿದ್ದರೆ ನಡುವೆ ಹೊಸ ತುಂಡು ಸೇರಿಸಿ ಎರಡು ಕಡೆ 96 ಬೆಸುಗೆ, 8 ಗಂಟೆ. ಆ 10 ಮೀಟರ್ ಉಳಿಸಲು ಹೋದವರು ಕಂಪನಿಯ ಇಡೀ ಒಂದು ಪಾಳಿಯನ್ನು ಕಳೆಯುತ್ತಾರೆ.

ಕಾನೂನಿನ ಕಡೆ ಮೂರು ಮಾತು. ಕೊಳವೆ, ಡಾರ್ಕ್ ಫೈಬರ್ ಬಾಡಿಗೆಗೆ ಕೊಡಲು ದೂರಸಂಪರ್ಕ ಇಲಾಖೆಯ ಐಪಿ-1 (ಮೂಲಸೌಕರ್ಯ ಒದಗಿಸುವವರ) ನೋಂದಣಿ ಬೇಕು. ಆ ನೋಂದಣಿಯಲ್ಲಿ ಫೈಬರನ್ನು ಕೊಡಬಹುದಾದದ್ದು ಪರವಾನಗಿ ಪಡೆದ ದೂರಸಂಪರ್ಕ ಸೇವಾದಾರರಿಗೆ, ನೇರವಾಗಿ ಸಾಫ್ಟ್‌ವೇರ್ ಕಂಪನಿಗಲ್ಲ. 2023ರ ದೂರಸಂಪರ್ಕ ಕಾಯ್ದೆಯಡಿ ಈ ಪರವಾನಗಿ ವ್ಯವಸ್ಥೆಯೇ ಹೊಸದಾಗುತ್ತಿರುವುದರಿಂದ ಟೆಂಡರಿಗೆ ಮುನ್ನ ದೂರಸಂಪರ್ಕ ಇಲಾಖೆಯಿಂದ ಲಿಖಿತ ಸ್ಪಷ್ಟನೆ ಪಡೆಯಿರಿ. ಇನ್ನು ರಸ್ತೆ ಅಗೆಯುವ ಅನುಮತಿಯಿಂದ ಪಾಲಿಕೆ ದುಡ್ಡು ಮಾಡಬಹುದು ಎಂಬ ಆಸೆ ಬೇಡ. 2016ರ ನಿಯಮಗಳೇ ಆಡಳಿತ ಶುಲ್ಕವನ್ನು ಕಿ.ಮೀ.ಗೆ 1,000 ರೂ. ಮೀರದಂತೆ ಕಟ್ಟಿಹಾಕಿದ್ದವು. 2025ರ ಜನವರಿ 1ರಿಂದ ಹೊಸ ನಿಯಮಗಳು ಬಂದಿವೆ. ನಿಮ್ಮ ಕೊಳವೆಯನ್ನೇ ಬಳಸಿ ಎಂದು ಒತ್ತಾಯಿಸುವುದಕ್ಕಿಂತ, ಅಗೆಯುವುದಕ್ಕಿಂತ ಬಾಡಿಗೆ ಅಗ್ಗ ಎಂದು ತೋರಿಸುವುದೇ ದಾರಿ.

ಪಾಲಿಕೆಯೇ ಐಎಸ್‌ಪಿ (ಇಂಟರ್ನೆಟ್ ಮಾರುವ ಸಂಸ್ಥೆ) ಆದರೆ

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಚಟನೂಗ. 2010ರಲ್ಲೇ ಊರಿಗೆಲ್ಲ 1 ಜಿಬಿಪಿಎಸ್ ಕೊಟ್ಟ ನಗರ. ಆದರೆ ಅಲ್ಲಿ ಅದನ್ನು ಮಾಡಿದ್ದು ನಗರದ ವಿದ್ಯುತ್ ಸಂಸ್ಥೆ ಇಪಿಬಿ. ಕಂಬ ಅದರದೇ, ಮನೆ ಮನೆಯ ಬಿಲ್ಲಿಂಗ್ ಅದರದೇ, ಸ್ಮಾರ್ಟ್ ಗ್ರಿಡ್‌ಗೆಂದು ಕೇಂದ್ರ ಸರ್ಕಾರದ 11 ಕೋಟಿ ಡಾಲರಿಗೂ ಹೆಚ್ಚಿನ ಅನುದಾನ ಬೇರೆ. ಇಲ್ಲಿ ಕಂಬಗಳು ಬೆಸ್ಕಾಂನವು, ಪಾಲಿಕೆಯ ಕೈಯಲ್ಲಿಲ್ಲ. ಕೇರಳ ಸರ್ಕಾರದ ಫೈಬರ್ ಜಾಲ ಕೆಫಾನ್ ಕೂಡ ರಾಜ್ಯ ವಿದ್ಯುತ್ ಮಂಡಳಿಯನ್ನು ಜೊತೆಗಿಟ್ಟುಕೊಂಡು ಕಟ್ಟಿದ್ದು, ಒಂದು ನಗರದ ಕೆಲಸವಲ್ಲ.

ಇನ್ನೊಂದು ಕಡೆ ಯೂಟಾ ರಾಜ್ಯದ ಪ್ರೋವೊ ನಗರ ಸಾಲ ಮಾಡಿ ಕಟ್ಟಿದ ಐಪ್ರೋವೊ ಜಾಲವನ್ನು 2013ರಲ್ಲಿ ಗೂಗಲ್‌ಗೆ 1 ಡಾಲರಿಗೆ ಮಾರಬೇಕಾಯಿತು. ಸಾಲದ ಕಂತು ಊರಿನವರ ಮೇಲೇ ಉಳಿಯಿತು. ಗ್ರಾಹಕ ಸೇವೆ, ರಾತ್ರಿ ಪಾಳಿಯ ತಂತ್ರಜ್ಞರು, ಬಿಲ್ ವಸೂಲಿ, ಐಎಸ್‌ಪಿ ಪರವಾನಗಿ, ಖಾಸಗಿಯವರ ದರ ಸಮರ, ಇದೆಲ್ಲವನ್ನು ಎರಡು ಮೂರು ವರ್ಷಕ್ಕೊಮ್ಮೆ ಅಧಿಕಾರಿ ಬದಲಾಗುವ ಪಾಲಿಕೆ ಹೊರಲಾರದು. ಬೇಡ.

ಎಷ್ಟು ಹಣಕ್ಕೆ ಯಾವುದು

ವರ್ಷಕ್ಕೆ 50 ಲಕ್ಷದೊಳಗೆ ಮಾತ್ರ ಇದ್ದರೆ ಕಟ್ಟಡವನ್ನು ಆರಿಸಿ, ಉಳಿದ ಸ್ವಲ್ಪದಲ್ಲಿ ಎರಡನೇ ಲೈನಿನ ಸಹಾಯಧನ ಕೊಡಿ. ಈ ಮೊತ್ತದಲ್ಲಿ ಊರೆಲ್ಲ ಕೊಳವೆ ಹಾಕಲು ಹೋದರೆ ಅಲ್ಲೊಂದು ಇಲ್ಲೊಂದು ತುಂಡು ಬಿದ್ದು ಯಾವುದೂ ಯಾವುದಕ್ಕೂ ಸೇರುವುದಿಲ್ಲ. ಒಂದು ಅಪವಾದ ಉಂಟು: ಯಾವುದೇ ರಸ್ತೆ ಈ ವರ್ಷ ಹೇಗೂ ಅಗೆಯುವುದಿದ್ದರೆ ಅಲ್ಲಿ ಮಾತ್ರ ಕೊಳವೆ ಹಾಕಿ, ಬಾಯಿ ಮುಚ್ಚಿ, ನಕ್ಷೆಯಲ್ಲಿ ಗುರುತಿಸಿ ಬಿಟ್ಟುಬಿಡಿ.

ಮೂರು ನಾಲ್ಕು ಕೋಟಿಯನ್ನು ಎರಡು ವರ್ಷಕ್ಕೆ ತೆಗೆದಿಡಬಲ್ಲಿರಾದರೆ ಕೊಳವೆ ವರ್ತುಲ. ಕಿ.ಮೀ.ಗೆ 15 ಲಕ್ಷ ಬೀಳುತ್ತದೆ ಎಂದು ಲೆಕ್ಕಕ್ಕೆ ಹಿಡಿದರೆ 25 ಕಿ.ಮೀ.ಗೆ 3.75 ಕೋಟಿ. ನಿಮ್ಮ ರಸ್ತೆಗಳ ನಿಜವಾದ ದರವನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿಂದ ಹಾಕಿ ನೋಡಿ. ಡಾಂಬರು, ಕಾಂಕ್ರೀಟ್, ಮಣ್ಣಿನ ಬದಿಗೆ ಅಜಗಜಾಂತರ ಇರುತ್ತದೆ. ವರ್ತುಲ ಹಾದುಹೋಗಬೇಕಾದದ್ದು ರೈಲ್ವೆ ಸ್ಟೇಷನ್, ಹೆದ್ದಾರಿ ಬೈಪಾಸಿನ ಒಂದು ಬಿಂದು, ಕಾಲೇಜುಗಳಿರುವ ರಸ್ತೆಗಳು, ಕರೂರು ಕೈಗಾರಿಕಾ ಪ್ರದೇಶ. ಮೊದಲ ಎರಡು ಬಿಂದುಗಳು ಬಿಟ್ಟುಹೋದರೆ ಸೇವಾದಾರರು ಒಳಗೆ ಬರುವ ಬಾಗಿಲೇ ಇರುವುದಿಲ್ಲ. ಆ ವರ್ತುಲದಲ್ಲೇ 4 ಎಳೆಗಳನ್ನು ಕಾಲೇಜುಗಳ ಸಂಶೋಧನಾ ಜಾಲಕ್ಕೆಂದು ಮೊದಲ ದಿನವೇ ಮೀಸಲಿಡಿ. ಅದನ್ನು ಓಡಿಸಲು ಪರವಾನಗಿ ಇರುವ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡರೆ ಮೂರನೇ ದಾರಿಯೂ ಬಹುತೇಕ ಪುಕ್ಕಟೆಯಾಗಿ ಸಿಕ್ಕಂತೆ.

ಹೆಚ್ಚು ಹಣ ಇದ್ದರೂ ಐಎಸ್‌ಪಿ ಆಗಬೇಡಿ, ವರ್ತುಲವನ್ನು ಹರಿಹರದವರೆಗೆ ಚಾಚಿ.

ಚಿತ್ರದುರ್ಗಕ್ಕೆ ಲೆಕ್ಕ ಬೇರೆ

ಚಿತ್ರದುರ್ಗ ರಾಷ್ಟ್ರೀಯ ಹೆದ್ದಾರಿ 48 ಮತ್ತು 50 ಕೂಡುವ ಜಾಗ. ಊರು ಚಿಕ್ಕದು, ಕಂಪನಿಗಳ ಬೇಡಿಕೆ ಇನ್ನೂ ಕಡಿಮೆ, 25 ಕಿ.ಮೀ. ವರ್ತುಲಕ್ಕೆ ಈಗ ಬಾಡಿಗೆದಾರರು ಸಿಗುವುದಿಲ್ಲ. ಅಲ್ಲಿಗೆ ಕಟ್ಟಡದ ದಾರಿಯೇ ಸರಿ. ಹೆದ್ದಾರಿಗೆ ಹತ್ತಿರದ ಕಟ್ಟಡ ಆರಿಸಿದರೆ ಕೊನೆಯ ತುಂಡಿನ ಖರ್ಚು ತೀರ ಇಳಿಯುತ್ತದೆ. ಚಳ್ಳಕೆರೆಯ ಕುದಾಪುರದ ಬಳಿ ಐಐಎಸ್‌ಸಿ, ಡಿಆರ್‌ಡಿಒ ಕ್ಯಾಂಪಸ್‌ಗಳಿವೆ ಎಂದು ಅವುಗಳ ಜಾಲ ಜಿಲ್ಲೆಯ ಕಂಪನಿಗಳಿಗೆ ದೊರೆಯುತ್ತದೆ ಎಂದು ಎಣಿಸಬಾರದು. ಮೇಲೆ ಹೇಳಿದ ಮೀಸಲಿನ ನಿಯಮ ಅಲ್ಲೂ ಒಂದೇ. ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ರೈಲು ಮಾರ್ಗದ ಕೆಲಸ ನಡೆದಿರುವಾಗ ಸ್ಟೇಷನ್ನಿನಿಂದ ಊರಿನ ಒಳಗೆ ಬರುವ ರಸ್ತೆಗೆ ಎರಡು ಕೊಳವೆ ಹಾಕಿಸಿಕೊಂಡರೆ ಮುಂದೆ ಎರಡನೇ ಹಾದಿ ಸುಲಭವಾಗುತ್ತದೆ.

ಟೆಂಡರಿನಲ್ಲಿ ಬಿಡಬಾರದ ಮಾತುಗಳು

ಜಿ.652ಡಿ ಮಾನದಂಡದ ಫೈಬರ್, ಮುಖ್ಯ ವರ್ತುಲದಲ್ಲಿ 48 ಎಳೆಗೆ ಕಡಿಮೆ ಬೇಡ, ಒಂದು ಕೊಳವೆ ಕೇಬಲ್ಲಿಗಾದರೆ ಒಂದು ಖಾಲಿ. ಸುಮಾರು 200 ಮೀಟರಿಗೊಂದು ಚೇಂಬರ್, ಮುಚ್ಚಳಕ್ಕೆ ಬೀಗ. ಎಲ್ಲ ಚೇಂಬರಿನ ಜಿಪಿಎಸ್ ಬಿಂದುಗಳು ಪಾಲಿಕೆಯ ಜಿಐಎಸ್ ನಕ್ಷೆಯಲ್ಲಿ. 2023ರಿಂದ ಇರುವ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಆಸ್ತಿಯ ಮಾಲೀಕರಾಗಿ ನೋಂದಾಯಿಸಿ. ನೀರು, ಚರಂಡಿ ಗುತ್ತಿಗೆದಾರರ ಒಪ್ಪಂದದಲ್ಲೂ ಅಗೆಯುವ ಮುನ್ನ ಅದರಲ್ಲಿ ತಿಳಿಸುವುದು ಕಡ್ಡಾಯ ಎಂದು ಸೇರಿಸಿ, ಇಲ್ಲದಿದ್ದರೆ ಪಾಲಿಕೆಯ ಒಂದು ವಿಭಾಗ ಹಾಕಿದ ಕೇಬಲನ್ನು ಇನ್ನೊಂದು ವಿಭಾಗವೇ ಹರಿಯುತ್ತದೆ. ರಿಪೇರಿ ಗುತ್ತಿಗೆಯನ್ನು ಹಾಕುವ ಗುತ್ತಿಗೆಯ ಜೊತೆಯಲ್ಲೇ ಐದು ವರ್ಷಕ್ಕೆ ಕರೆಯಿರಿ, ಕರೆ ಬಂದ 6 ಗಂಟೆಯೊಳಗೆ ಬೆಸುಗೆ ಮುಗಿಯಬೇಕು, ತಪ್ಪಿದ ಗಂಟೆಗೆ ದಂಡ.

ಬಿಲ್ ಪಾಸು ಮಾಡುವ ಮೊದಲು ಎಂಜಿನಿಯರ್ ಸ್ಥಳದಲ್ಲೇ ನಿಂತು ಎರಡು ಪರೀಕ್ಷೆ ನೋಡಬೇಕು. ಕೊಳವೆಯ ಒಂದು ತುದಿಯಿಂದ ಮ್ಯಾಂಡ್ರೆಲ್ (ಒಳದಾರಿ ತೆರೆದಿದೆಯೇ ಎಂದು ನೋಡುವ ಗುಂಡು) ಬಿಟ್ಟರೆ ಇನ್ನೊಂದು ತುದಿಯಿಂದ ಹೊರಗೆ ಬರಬೇಕು, ಎರಡೂ ತುದಿ ಮುಚ್ಚಿ ಗಾಳಿ ತುಂಬಿದರೆ ಒತ್ತಡ ಇಳಿಯಬಾರದು. ಕೇಬಲ್ ಹಾಕಿದ ಮೇಲೆ 48 ಎಳೆಗೂ ಎರಡೂ ದಿಕ್ಕಿನಿಂದ ಒಟಿಡಿಆರ್ ವರದಿ ಬೇಕು. 46 ಎಳೆ ಸರಿ ಇದೆ, ಎರಡು ಆಮೇಲೆ ನೋಡೋಣ ಎಂದರೆ ಒಪ್ಪಬೇಡಿ. ಆ ಎರಡು ಎಳೆಯನ್ನು ಮುಂದೆ ಯಾರೂ ನೋಡುವುದಿಲ್ಲ.